ಚಕ್ಕುಬಂದಿ

ಪೂರ್ವಕ್ಕೆ ಕಡಲು. ಇದರಲ್ಲಿ ತಕರಾರಿಲ್ಲ,
ಬರೆದುಕೋ, ಹಿಲ್ಮಿ.
ಜಮೀನು ಕಚೇರಿಯ ಈ ಹುಡುಗ ವರ್ಷಕ್ಕೊಮ್ಮೆ ಬರುತ್ತಾನೆ,
ಬೂಟು ಕಳಚಿ, ಹಲಗೆಯ ಮೇಲೆ ಹುಷಾರಾಗಿ ಹೆಜ್ಜೆಯಿಟ್ಟು,
ಸಂದಿಯಲ್ಲಿ ಕಾಣುವ ನೀರನ್ನು ಕಾಣದವನ ಹಾಗೆ.
ಪೆನಾಂಗಿನ ಈ ಮರದ ಜೆಟ್ಟಿಯ ಮೇಲೆ
ನಮಗೆ ಯಾರಿಗೂ ನೆಲವಿಲ್ಲ. ಇರುವುದು ಪರವಾನಗಿ,
ಅದೂ ತಾತ್ಕಾಲಿಕ,
ನನ್ನ ಅತ್ತೆಯ ಕಾಲದಿಂದ ತಾತ್ಕಾಲಿಕ.

ಪಶ್ಚಿಮಕ್ಕೆ ಯೋ ಸಿಯೂ ಚಿನ್ ಮನೆ.
ಅವಳ ಸೀಗಡಿ ನಮ್ಮ ಗೋಡೆಗೆ ಒರಗಿಯೇ ಒಣಗಬೇಕು.
ಅವಳ ಮಗ ರಾತ್ರಿ ಹನ್ನೊಂದಕ್ಕೆ ಮೈಕು ಹಿಡಿದು
ಒಂದೇ ಹಾಡಿನ ಒಂದೇ ಸಾಲಿನಲ್ಲಿ ದಿನಾ ಎಡವುತ್ತಾನೆ.
ನಡುಗೋಡೆ ಎಷ್ಟು ತೆಳುವೆಂದರೆ
ಅವಳು ಸೀನಿದರೆ ನಮ್ಮ ಮನೆಯ ಹಲ್ಲಿ
ಹೌದೆಂದು ಲೊಚಗುಟ್ಟುತ್ತದೆ.
ಗೋಡೆ ಯಾರದೆಂದು ಕೇಳಬೇಡ. ಗೆದ್ದಲಿನದು.

ದಕ್ಷಿಣಕ್ಕೆ ಹಲಗೆದಾರಿ, ಸಾರ್ವಜನಿಕ.
ಎಷ್ಟು ಸಾರ್ವಜನಿಕವೆಂದರೆ, ನಿನ್ನೆ ಒಬ್ಬಳು ದೊಡ್ಡ ಟೋಪಿಯವಳು
ಹಗ್ಗದ ಮೇಲಿನ ನನ್ನ ಒಳಲಂಗದ ಪಕ್ಕ ನಿಂತು
ಫೋಟೋ ತೆಗೆಸಿಕೊಂಡಳು. ನಕ್ಕುಬಿಟ್ಟೆ. ಏನು ಮಾಡಲಿ,
ಚೆನ್ನಾಗಿಯೇ ಇತ್ತು ಲಂಗ, ನಾನೇ ಹೊಲಿದದ್ದು.

ಉತ್ತರಕ್ಕೆ…
ತಡಿ, ಉತ್ತರ ಆಮೇಲೆ ಕೊಡುತ್ತೇನೆ.
ಮೊದಲು ಮೇಲಿನದು ಬರೆದುಕೋ. ನಿನ್ನ ಫಾರಮಿನಲ್ಲಿ
‘ಮೇಲಕ್ಕೆ’ ಅಂತ ಕಾಲಮ್ಮೇ ಇಲ್ಲವೆ?

ರಸ್ತೆಯಾಚೆ ಖೂ ಬೆಂಗ್ ತೆಕ್‌ನ ಮೂರಂತಸ್ತು ಇದೆಯಲ್ಲ,
ಕಿಟಕಿಗೆಲ್ಲ ಇಟ್ಟಿಗೆ ತುಂಬಿ, ತುದಿಯಲ್ಲೊಂದು ಕಿಂಡಿ ಬಿಟ್ಟು
ಧ್ವನಿವರ್ಧಕದಲ್ಲಿ ಹಕ್ಕಿಯ ಕೂಗು ಹಾಕುತ್ತಾನೆ
ಬೆಳಗಿನ ಐದರಿಂದ ರಾತ್ರಿ ಒಂಬತ್ತರವರೆಗೆ.
ನೆಂಟರು ಕರೆದರೆಂದು ನಂಬಿ ಬರುತ್ತವೆ ಪಾಪ,
ಕತ್ತಲಲ್ಲಿ ಕೂತು ಎಂಜಲು ನೂತು ಗೂಡು ಕಟ್ಟುತ್ತವೆ.
ಅವನು ಕಿತ್ತು, ತೂಗಿ, ಸಾರಿಗೆ ಮಾರುತ್ತಾನೆ.
ಮತ್ತೆ ಕಟ್ಟುತ್ತವೆ. ಪೆದ್ದು ಹಕ್ಕಿ ಅನ್ನಬೇಡ;
ಈ ಮನೆಯ ಕಂಬಗಳನ್ನು ನನ್ನ ಗಂಡ ನಾಲ್ಕು ಸಲ ಬದಲಿಸಿದ.

ಆ ಗದ್ದಲದ ಮೇಲೆ ಮೂರು ದೂರು ಬರೆದೆ.
ಒಂದಕ್ಕೆ ಮೊಹರು ಬಿತ್ತು, ಅಷ್ಟೆ.

ಹೋದ ತಿಂಗಳು ಎರಡು ರಾತ್ರಿ ಕರೆಂಟಿರಲಿಲ್ಲ.
ಕಿಂಡಿಯೂ ಮೈಕೂ ಒಟ್ಟಿಗೇ ಮೂಕ.
ನಿದ್ದೆ ಬರಲಿಲ್ಲ ನನಗೆ, ಹೇಳಿಕೊಳ್ಳಲು ನಾಚಿಕೆ.
ಹಲಗೆಯಡಿ ಉಡ ತೆವಳುವುದು ಕೇಳಿಸಿತು,
ಇಲಿಯೊಂದು ಅಕ್ಕಿಡಬ್ಬದ ಮುಚ್ಚಳದೊಡನೆ ವಾದಿಸುವುದು,
ಆಮೇಲೆ ತೊಲೆಯ ಹತ್ತಿರ ಟಿಕ್, ಟಿಕ್ಟಿಕ್.
ಹಲ್ಲಿಯಲ್ಲ. ಟಾರ್ಚು ಬಿಟ್ಟೆ.
ಅಂಗೈಯಗಲದ ಕಪ್ಪು ಹಕ್ಕಿ. ತೊಲೆಯ ಮೈಗೆ ಆಗಲೇ
ಉಗುರಿನಷ್ಟು ಬಿಳಿಗೆರೆ ಎಳೆದಿತ್ತು.

ಬೆಂಗ್ ತೆಕ್‌ಗೆ ಯಾರು ಊದಿದರೋ, ಏಣಿ ಹೊತ್ತು ಬಂದ.
“ಹಕ್ಕಿ ನನ್ನದು. ಕರೆದದ್ದು ನನ್ನ ಕರೆಂಟು ಬಿಲ್ಲು.”
“ಹಾಗಾದರೆ ಹಿಕ್ಕೆಯೂ ನಿನ್ನದೇ, ಒಯ್ಯಿ” ಅಂದೆ,
ಹೊಲಿಗೆಯಂತ್ರದ ಮೇಲೆ ಬಿದ್ದದ್ದನ್ನು ತೋರಿಸಿ.
ಏಣಿ ಬಾಗಿಲಿನಿಂದ ಒಳಗೆ ತಿರುಗಲಿಲ್ಲ, ನನ್ನ ಪುಣ್ಯ.
ಚಹಾ ಕೊಟ್ಟೆ. ಕುಡಿಯುತ್ತ ತೊಲೆಯನ್ನೇ ನೋಡಿದ.
“ಎಂಟು ಗ್ರಾಂ ಆದೀತು” ಅಂದ, ಎದ್ದು ಹೋಗುವಾಗ,
“ಮರಿ ಹಾರಿದ ಮೇಲೆ ಹೇಳಿಕಳಿಸು.”

ವಾಸವಿರುವವರು ಎಂಬಲ್ಲಿ ‘ಒಂದು’ ಅಂತ ಬರೆದೆಯಾ, ಹಿಲ್ಮಿ?
ಇರಲಿ. ಪರವಾನಗಿ ನನ್ನೊಬ್ಬಳ ಹೆಸರಲ್ಲಿದೆ.
ದೂರಿನ ನಕಲು ಬೇಕೆ? ಅಗೋ, ಯಂತ್ರದ ಮೇಲೆ,
ಗೂಡಿನ ನೇರ ಕೆಳಗೆ ಹಾಸಿದ್ದೇನೆ. ಮುಟ್ಟಬೇಡ.

“ಉತ್ತರವೊಂದು ಬಾಕಿ, ಆಂಟಿ.”
ಹಿಂಬಾಗಿಲು ತೆರೆದೆ. ಇಳಿತದ ಹೊತ್ತು.
ಕೆಸರಿನಲ್ಲಿ ಮುರಿದ ಕುರ್ಚಿ, ಅದರಡಿ ಒಂದು ಏಡಿ
ಮನೆಯೊಡತಿಯ ಹಾಗೆ ಒಳಗೂ ಹೊರಗೂ.
ಪಕ್ಕದಲ್ಲಿ ನನ್ನವನು ಕೊನೆಗೆ ನೆಟ್ಟ ಕಂಬ,
ಇನ್ನೂ ಯಾವ ಭಾರವನ್ನೂ ಹೊತ್ತಿಲ್ಲ.
“ಇದನ್ನು ಏನೆಂದು ಬರೆಯಲಿ? ನೆಲವೆ, ನೀರೆ?”
ಆರು ಗಂಟೆ ಕಳೆದರೆ ನೀರು, ಅಂದೆ.
ಕಾಯುವುದಾದರೆ ಬಿಸ್ಕತ್ತಿದೆ.